ಲಿನಕ್ಸ್‌ಗೆ ಹೊಸಬರು ಬ್ರೌಸರ್‌ಗೆ ಪ್ಲಗಿನ್, ಎಕ್ಸ್‌ಟೆನ್ಷನ್ ಹಾಕಿಕೊಳ್ಳುವುದು ಹೇಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಸಿಗುತ್ತಿದ್ದ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಎಷ್ಟೋ ಹಳೇ ಲ್ಯಾಪ್‌ಟಾಪ್‌ಗಳು ಅದಕ್ಕೆ ಆಗಿಬರುವುದಿಲ್ಲ. ಹೀಗಾಗಿ ಗೆಳೆಯರೋ ಮನೆಯ ಮಕ್ಕಳೋ ವಿಂಡೋಸ್ ಬದಲು ಲಿನಕ್ಸ್‌ನ ರೂಪಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದಾರೆ, ನೀವು ಈಗಷ್ಟೇ ಬಳಸಲು ಶುರು ಮಾಡಿದ್ದೀರಿ ಅಂದುಕೊಳ್ಳೋಣ. ಮೇಲ್ ನೋಡುವುದು, ಸುದ್ದಿ ಓದುವುದು ಎಲ್ಲ ಸಲೀಸಾಗಿ ನಡೆಯುತ್ತದೆ. ಆಮೇಲೆ ಒಂದು ದಿನ ಯಾವುದೋ ಸೈಟ್ "ಪ್ಲಗಿನ್ ಬೇಕು" ಅನ್ನುತ್ತದೆ. ಇಲ್ಲವೇ ಸಿನಿಮಾ ಸೈಟ್‌ನಲ್ಲಿ ವಿಡಿಯೋ ಓಡುವುದಿಲ್ಲ.

ಆಗ ಕೈ ತಾನಾಗಿಯೇ ವಿಂಡೋಸ್ ರೂಢಿಗೆ ಹೋಗುತ್ತದೆ. ಗೂಗಲ್‌ನಲ್ಲಿ ಹುಡುಕುವುದು, ಮೊದಲು ಸಿಕ್ಕ ಸೈಟ್‌ನಿಂದ ಸೆಟಪ್ ಫೈಲ್ ಇಳಿಸುವುದು, ಅದರ ಮೇಲೆ ಡಬಲ್ ಕ್ಲಿಕ್ ಮಾಡುವುದು. ಲಿನಕ್ಸ್‌ಗೆ ಬಂದಮೇಲೆ ಮೊದಲು ಬಿಡಬೇಕಾದ ಅಭ್ಯಾಸ ಇದು. ಇಲ್ಲಿ ಬ್ರೌಸರ್‌ಗೆ ಬೇಕಾದದ್ದು ಹೆಚ್ಚುಕಡಿಮೆ ಎಲ್ಲವೂ ಮೂರು ಕಡೆ ಸಿಗುತ್ತದೆ: ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ, ಬ್ರೌಸರ್‌ನದೇ ಆಡ್-ಆನ್ ಮಳಿಗೆಯಲ್ಲಿ, ನಿಮ್ಮ ಲಿನಕ್ಸ್‌ನ ಸಾಫ್ಟ್‌ವೇರ್ ರೆಪಾಸಿಟರಿಯಲ್ಲಿ (ಅಂದರೆ ಸಾಫ್ಟ್‌ವೇರ್ ಉಗ್ರಾಣದಲ್ಲಿ). ಯಾವುದು ಎಲ್ಲಿ ಸಿಗುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಈ ಲೇಖನದಲ್ಲಿ ಉಬುಂಟು 24.04 ಮತ್ತು ಅದರ ಜೊತೆಗೇ ಬರುವ ಫೈರ್‌ಫಾಕ್ಸ್ ಇಟ್ಟುಕೊಂಡು ಹೇಳುತ್ತೇನೆ. ಮಿಂಟ್‌ನಲ್ಲಿ ಬೇರೆ ಇದ್ದರೆ ಅಲ್ಲಲ್ಲೇ ಹೇಳುತ್ತೇನೆ.

ಹಳೇ ಸಲಹೆಗಳನ್ನು ಮೊದಲು ಪಕ್ಕಕ್ಕಿಡಿ

ನೆಟ್‌ನಲ್ಲಿ ಹುಡುಕಿದರೆ ಹತ್ತು ಹದಿನೈದು ವರ್ಷ ಹಳೆಯ ಸಲಹೆಗಳು ಈಗಲೂ ಮೇಲೆ ಬರುತ್ತವೆ. ಹಿಂದೆ ಬ್ರೌಸರ್‌ನಲ್ಲಿ ವಿಡಿಯೋ, ಆಟ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ನ ಟಾರ್ ಫೈಲ್ (ಕಟ್ಟಿಟ್ಟ ಫೈಲ್‌ಗಳ ಗಂಟು) ಇಳಿಸಿ, ಬಿಚ್ಚಿ, ಒಳಗಿನ ಒಂದು ಫೈಲನ್ನು ಮೊಜಿಲ್ಲಾದ (ಫೈರ್‌ಫಾಕ್ಸ್ ಮಾಡುವವರು ಇವರೇ) ಪ್ಲಗಿನ್ಸ್ ಫೋಲ್ಡರ್‌ಗೆ ಕಾಪಿ ಮಾಡಿ ಅನ್ನುತ್ತವೆ. ಆಗ ಅದು ಸರಿಯಾದ ದಾರಿಯೇ ಆಗಿತ್ತು. ಈಗ ಮಾಡಿದರೆ ಏನೂ ಆಗುವುದಿಲ್ಲ, ಯಾಕೆಂದರೆ ಇವತ್ತಿನ ಫೈರ್‌ಫಾಕ್ಸ್ ಆ ಫೋಲ್ಡರ್‌ನಿಂದ ಅಂಥ ಪ್ಲಗಿನ್ ಎತ್ತಿಕೊಳ್ಳುವುದೇ ಇಲ್ಲ.

ಹಳೇ ಕಾಲದ ಪ್ಲಗಿನ್ ಅಂದರೆ ಬ್ರೌಸರ್‌ಗೆ ಅಂಟಿಕೊಂಡು ಓಡುವ ಪೂರ್ತಿ ಬೇರೆ ಪ್ರೋಗ್ರಾಂ. ಅದಕ್ಕೆ ನಿಮ್ಮ ಫೈಲ್‌ಗಳ ತನಕ ಕೈ ಹಾಕುವ ಶಕ್ತಿ ಇರುತ್ತಿತ್ತು. ಅದರಲ್ಲಿ ಒಂದು ತೂತು ಸಿಕ್ಕಿದರೆ ಕಳ್ಳರಿಗೆ ಇಡೀ ಕಂಪ್ಯೂಟರ್ ಸಿಕ್ಕಿದಂತೆ. ಅದಕ್ಕೇ ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ, ತನ್ನ 45ನೇ ಆವೃತ್ತಿಯಲ್ಲಿ, ಇವನ್ನು ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ, 52ನೇ ಆವೃತ್ತಿಯಲ್ಲಿ, ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಿಲ್ಲಿಸಿತು. ಕೊನೆಗೆ ಅಡೋಬಿ ಕಂಪನಿಯೇ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಬೆಂಬಲ ಮುಗಿಸಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ತಾನೇ ಯಾವುದನ್ನೂ ಓಡಿಸದಂತೆ ತಡೆ ಹಾಕಿತು. ಅದೇ ತಿಂಗಳು ಬಂದ ಫೈರ್‌ಫಾಕ್ಸ್ 85ರಲ್ಲಿ ಫ್ಲ್ಯಾಶ್‌ಗೆ ಜಾಗವೇ ಇರಲಿಲ್ಲ.

ಹಾಗಾಗಿ ಇವತ್ತು ಯಾವುದಾದರೂ ಸೈಟ್ "ನಿಮ್ಮ ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ, ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ" ಅಂದರೆ ಅದು ಮೋಸ. ಅನುಮಾನವೇ ಬೇಡ, ಆ ಟ್ಯಾಬ್ ಮುಚ್ಚಿಬಿಡಿ.

ಎಕ್ಸ್‌ಟೆನ್ಷನ್ ಹಾಕುವುದು

ಈಗ ಜನ ಪ್ಲಗಿನ್ ಅನ್ನುವುದು ಬಹುಪಾಲು ಎಕ್ಸ್‌ಟೆನ್ಷನ್‌ಗಳಿಗೆ. ಜಾಹೀರಾತು ತಡೆಯುವುದು, ಪಾಸ್‌ವರ್ಡ್ ನೆನಪಿಡುವುದು, ಪುಟವನ್ನು ಕಪ್ಪು ಹಿನ್ನೆಲೆಗೆ ತಿರುಗಿಸುವುದು, ಇಂಥವು. ಇವು ವಿಂಡೋಸ್‌ನಲ್ಲಿ ಹೇಗೋ ಲಿನಕ್ಸ್‌ನಲ್ಲೂ ಹಾಗೇ. ಅಡ್ಮಿನ್ ಪಾಸ್‌ವರ್ಡ್ ಬೇಡ, ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಬೇಡ. ಒಂದು ಉದಾಹರಣೆ ಇಟ್ಟುಕೊಂಡು ಮಾಡೋಣ. ಹೊಸಬರಿಗೆ ನಾನು ಮೊದಲು ಹಾಕಿ ಅನ್ನುವುದು ಯುಬ್ಲಾಕ್ ಒರಿಜಿನ್. ಜಾಹೀರಾತಿನ ಜೊತೆಗೆ ಸುಳ್ಳು ಡೌನ್‌ಲೋಡ್ ಬಟನ್‌ಗಳನ್ನೂ ಎಷ್ಟೋ ಮಟ್ಟಿಗೆ ತಡೆಯುತ್ತದೆ. ಹಳೇ ಲ್ಯಾಪ್‌ಟಾಪ್‌ಗೆ ಭಾರವೂ ಕಡಿಮೆ.

1. ಫೈರ್‌ಫಾಕ್ಸ್ ತೆರೆದು ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿ. ಆಡ್-ಆನ್ ಪುಟ ತೆರೆಯುತ್ತದೆ. ಬಲಗಡೆ ಮೇಲಿರುವ ಮೂರು ಗೆರೆಯ ಮೆನುವಿನಿಂದಲೂ ಹೋಗಬಹುದು.

2. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಹೆಸರು ಬರೆದು ಎಂಟರ್ ಒತ್ತಿ. ಮೊಜಿಲ್ಲಾದ ಅಧಿಕೃತ ಆಡ್-ಆನ್ ಮಳಿಗೆ ಹೊಸ ಟ್ಯಾಬ್‌ನಲ್ಲಿ ಬರುತ್ತದೆ. ಬೇರೆ ಕಡೆಯಿಂದ ಹುಡುಕಿ ಬರುವುದಕ್ಕಿಂತ ಹೀಗೆ ಒಳಗಿನಿಂದ ಹೋಗುವುದು ಒಳ್ಳೆಯದು, ಸೈಟ್ ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯೇ ಬರುವುದಿಲ್ಲ.

3. ಹೆಸರು, ಮಾಡಿದವರು ಯಾರು ಎರಡನ್ನೂ ನೋಡಿ. ಯುಬ್ಲಾಕ್ ಒರಿಜಿನ್ ಮಾಡಿದವರು ರೇಮಂಡ್ ಹಿಲ್. "ಒರಿಜಿನ್" ಇಲ್ಲದ, ಬರೀ ಯುಬ್ಲಾಕ್ ಅನ್ನುವ ಬೇರೆಯೊಂದು ಇದೆ, ಅದು ಇದಲ್ಲ. "ರೆಕಮೆಂಡೆಡ್" ಎಂಬ ಗುರುತು ಇದೆಯಾ ನೋಡಿ. ಆ ಗುರುತು ಇರುವ ಎಕ್ಸ್‌ಟೆನ್ಷನ್‌ಗಳನ್ನು ಮೊಜಿಲ್ಲಾದವರೇ ಪರೀಕ್ಷೆ ಮಾಡಿರುತ್ತಾರೆ.

4. "ಆಡ್ ಟು ಫೈರ್‌ಫಾಕ್ಸ್" ಒತ್ತಿ. ಒಂದು ಸಣ್ಣ ಕಿಟಕಿ ಬಂದು ಯಾವ ಯಾವ ಅನುಮತಿ ಬೇಕು ಅಂತ ಕೇಳುತ್ತದೆ. ಇಲ್ಲಿ ನಿಂತು ಓದಿ. ಒಪ್ಪಿಗೆಯಾದರೆ "ಆಡ್" ಒತ್ತಿ. ಅಷ್ಟೇ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕಾಗಿಲ್ಲ.

5. ಹಾಕಿದ ಎಕ್ಸ್‌ಟೆನ್ಷನ್ ಕಣ್ಣಿಗೆ ಕಾಣದಿದ್ದರೆ ಗಾಬರಿ ಬೇಡ. ಅಡ್ರೆಸ್ ಬಾರ್‌ನ ಬಲಕ್ಕೆ ಪಜಲ್ ತುಂಡಿನ ಆಕಾರದ ಗುರುತು ಇದೆಯಲ್ಲ, ಅದರೊಳಗೆ ಇರುತ್ತದೆ. ಪಕ್ಕದ ಗೇರ್ ಗುರುತು ಒತ್ತಿ "ಪಿನ್ ಟು ಟೂಲ್‌ಬಾರ್" ಆರಿಸಿದರೆ ಸದಾ ಮೇಲೆ ಕಾಣುತ್ತದೆ.

ತೆಗೆಯುವುದೂ ಅಷ್ಟೇ ಸುಲಭ. ಅದೇ ಆಡ್-ಆನ್ ಪುಟಕ್ಕೆ ಹೋಗಿ, ಎಕ್ಸ್‌ಟೆನ್ಷನ್ ಪಕ್ಕದ ಮೂರು ಚುಕ್ಕಿ ಒತ್ತಿ, "ರಿಮೂವ್" ಆರಿಸಿ. ತಾತ್ಕಾಲಿಕವಾಗಿ ನಿಲ್ಲಿಸಲು ಪಕ್ಕದ ಸ್ವಿಚ್ ಸಾಕು.

ನೀವು ಕ್ರೋಮ್ ಬಳಸುವವರಾದರೆ ಒಂದು ವಿಷಯ. ಗೂಗಲ್ ತನ್ನ ಎಕ್ಸ್‌ಟೆನ್ಷನ್ ನಿಯಮಗಳನ್ನು ಬದಲಾಯಿಸಿದ ಮೇಲೆ ಅಲ್ಲಿ ಪೂರ್ತಿ ಯುಬ್ಲಾಕ್ ಒರಿಜಿನ್ ಓಡುವುದಿಲ್ಲ, "ಲೈಟ್" ಎಂಬ ಚಿಕ್ಕ ರೂಪ ಮಾತ್ರ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲೇ ಇರಿ ಎಂದು ನಾನು ಹೇಳಲು ಇದೂ ಒಂದು ಕಾರಣ.

ಅನುಮತಿ ಕೇಳುವ ಆ ಕಿಟಕಿ

ನಾಲ್ಕನೇ ಹೆಜ್ಜೆಯನ್ನು ಎಲ್ಲರೂ ಓದದೇ ದಾಟಿಬಿಡುತ್ತಾರೆ. ಆದರೆ ನಿಮ್ಮ ಸುರಕ್ಷತೆ ನಿಂತಿರುವುದು ಅಲ್ಲೇ.

"ಎಲ್ಲ ವೆಬ್‌ಸೈಟ್‌ಗಳಲ್ಲಿ ನಿಮ್ಮ ಡೇಟಾ ನೋಡಲು ಅನುಮತಿ" ಅಂತ ಕೇಳಿದರೆ, ಅದರ ಅರ್ಥ ನೀವು ತೆರೆಯುವ ಪುಟಗಳನ್ನು ಅದು ಓದಬಲ್ಲದು, ಬದಲಾಯಿಸಲೂಬಲ್ಲದು ಅಂತ. ಬ್ಯಾಂಕಿನ ಪುಟವೂ ಅದರಲ್ಲಿ ಸೇರಿತು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗೆ ಈ ಅನುಮತಿ ಬೇಕೇ ಬೇಕು, ಪುಟ ನೋಡದೆ ಅದು ಏನನ್ನು ತಡೆಯಬೇಕು ಅಂತ ತಿಳಿಯುವುದು ಹೇಗೆ? ಯುಬ್ಲಾಕ್ ಒರಿಜಿನ್‌ನ ಸೋರ್ಸ್ ಕೋಡ್ ಎಲ್ಲರ ಮುಂದೆ ತೆರೆದಿದೆ, ವರ್ಷಗಳಿಂದ ಜನ ನೋಡುತ್ತಾ ಬಂದಿದ್ದಾರೆ. ಹಾಗಾಗಿ ಕೊಡಬಹುದು. ಆದರೆ ಕ್ಯಾಲ್ಕುಲೇಟರ್, ಹವಾಮಾನ, ವಾಲ್‌ಪೇಪರ್ ಬದಲಿಸುವ ಎಕ್ಸ್‌ಟೆನ್ಷನ್ ಇದನ್ನೇ ಕೇಳಿದರೆ? ಅದಕ್ಕೆ ಯಾಕೆ ಬೇಕು? "ಕ್ಯಾನ್ಸಲ್" ಒತ್ತಿ.

ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಷನ್‌ಗಳಿಗೆ ಮೊಜಿಲ್ಲಾದ ಡಿಜಿಟಲ್ ಸಹಿ ಇರಲೇಬೇಕು, ಸಹಿ ಇಲ್ಲದ್ದನ್ನು ಮಾಮೂಲಿ ಫೈರ್‌ಫಾಕ್ಸ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದು ಒಳ್ಳೆಯ ತಡೆ. ಆದರೆ ಸಹಿ ಇದೆ ಅಂದಮಾತ್ರಕ್ಕೆ ಎಲ್ಲವೂ ಒಳ್ಳೆಯದೇ ಅಂತಲ್ಲ. ಕಡಿಮೆ ಎಕ್ಸ್‌ಟೆನ್ಷನ್ ಇದ್ದಷ್ಟೂ ಕ್ಷೇಮ. ನಾಲ್ಕೈದಕ್ಕಿಂತ ಜಾಸ್ತಿ ಆದರೆ ಒಮ್ಮೆ ಕೂತು ಯಾವುದು ನಿಜಕ್ಕೂ ಬಳಸುತ್ತಿದ್ದೀರಿ ಅಂತ ನೋಡಿ.

ಕನ್ನಡಿಗರಿಗೆ ಇಲ್ಲಿ ಒಂದು ಮುಖ್ಯ ಮಾತು. ಕನ್ನಡ ಟೈಪ್ ಮಾಡಲು ಅಂತ ಎಕ್ಸ್‌ಟೆನ್ಷನ್ ಹುಡುಕಲು ಹೋಗಬೇಡಿ. ಪ್ರತಿ ಪುಟದಲ್ಲೂ ಟೈಪ್ ಮಾಡಿಸಬೇಕಾದರೆ ಅದಕ್ಕೆ ಪ್ರತಿ ಪುಟದ ಅನುಮತಿಯೂ ಬೇಕಾಗುತ್ತದೆ, ನೀವು ಒತ್ತುವ ಕೀಲಿಗಳೂ ಅದರ ಕಣ್ಣಿಗೆ ಬೀಳುತ್ತವೆ. ಲಿನಕ್ಸ್‌ನಲ್ಲಿ ಆ ಸೌಲಭ್ಯ ಸಿಸ್ಟಮ್ ಒಳಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆರೆದು, ಇನ್‌ಪುಟ್ ಸೋರ್ಸಸ್ ಕೆಳಗೆ ಹೊಸದನ್ನು ಸೇರಿಸುವ ಪ್ಲಸ್ ಗುರುತು ಒತ್ತಿ, ಕನ್ನಡ ಹುಡುಕಿ. ಪಟ್ಟಿಯಲ್ಲಿ ಮೊದಲಿಗೆ ಕಾಣದಿದ್ದರೆ ಕೆಳಗಿರುವ ಮೂರು ಚುಕ್ಕಿ ಒತ್ತಿ ಮುಂದೆ ಹುಡುಕಿ. "ಕಗಪ" ಎಂಬ ವಿನ್ಯಾಸ ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿ ಇರುವವರಿಗೆ ಅದರ ಕೀಲಿಗಳು ಬಹುಮಟ್ಟಿಗೆ ಪರಿಚಿತವೇ. ವಿಂಡೋಸ್ ಗುರುತಿನ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಮತ್ತೆ ಒತ್ತಿದರೆ ವಾಪಸ್. ಬ್ರೌಸರ್‌ನಲ್ಲಷ್ಟೇ ಅಲ್ಲ, ಎಲ್ಲ ಕಡೆಯೂ ನಡೆಯುತ್ತದೆ.

ಸಿನಿಮಾ ಸೈಟ್‌ನಲ್ಲಿ ವಿಡಿಯೋ ಓಡದಿದ್ದರೆ

ದುಡ್ಡು ಕಟ್ಟಿ ನೋಡುವ ಸಿನಿಮಾ, ಧಾರಾವಾಹಿ ಸೈಟ್‌ಗಳು ಕಾಪಿ ತಡೆಯಲು ಡಿಆರ್‌ಎಂ ಎಂಬ ಬೀಗ ಹಾಕಿರುತ್ತವೆ. ಅದನ್ನು ತೆಗೆಯುವ ಭಾಗದ ಹೆಸರು ವೈಡ್‌ವೈನ್, ಅದು ಗೂಗಲ್‌ನದು. ಇದು ಓಪನ್ ಸೋರ್ಸ್ ಅಲ್ಲ. ಹಾಗಾಗಿ ಫೈರ್‌ಫಾಕ್ಸ್ ಇದನ್ನು ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ ಇಳಿಸಿಕೊಳ್ಳುತ್ತದೆ. ಕೇಳಿ ಹಾಕುವ ಈ ಪದ್ಧತಿ ನನಗೆ ಸರಿ ಅನ್ನಿಸುತ್ತದೆ. ಮುಕ್ತ ತಂತ್ರಾಂಶ ಮಾತ್ರ ಸಾಕು ಅನ್ನುವವರು ಬೇಡ ಅನ್ನಬಹುದು, ಸಿನಿಮಾ ನೋಡಬೇಕು ಅನ್ನುವವರು ಹೂಂ ಅನ್ನಬಹುದು.

ಹೂಂ ಅನ್ನುವುದಾದರೆ ಹೀಗೆ ಮಾಡಿ. ಆ ಸೈಟ್ ತೆರೆದಾಗ ಮೇಲೆ ಒಂದು ಪಟ್ಟಿ ಬಂದು ಡಿಆರ್‌ಎಂ ಆನ್ ಮಾಡಬೇಕು ಅನ್ನುತ್ತದೆ. ಅದರಲ್ಲೇ "ಎನೇಬಲ್" ಬಟನ್ ಇರುತ್ತದೆ. ಪಟ್ಟಿ ಬರದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ಜನರಲ್ ಭಾಗದಲ್ಲಿ ಕೆಳಗೆ ಇಳಿಯಿರಿ. "ಪ್ಲೇ ಡಿಆರ್‌ಎಂ ಕಂಟ್ರೋಲ್ಡ್ ಕಂಟೆಂಟ್" ಎಂಬ ಚೌಕಕ್ಕೆ ಟಿಕ್ ಹಾಕಿ. ಸ್ವಲ್ಪ ಹೊತ್ತು ಬಿಡಿ, ಹಿಂದೆ ಅದು ಇಳಿಯುತ್ತಿರುತ್ತದೆ. ಆಮೇಲೆ ಪುಟವನ್ನು ಮತ್ತೆ ಲೋಡ್ ಮಾಡಿ.

ಬಂತೋ ಇಲ್ಲವೋ ನೋಡಲು ಆಡ್-ಆನ್ ಪುಟದ ಎಡಗಡೆ "ಪ್ಲಗಿನ್ಸ್" ಒತ್ತಿ. ಮಾಮೂಲಿಯಾಗಿ ಅಲ್ಲಿ ಎರಡೇ ಹೆಸರು ಇರುತ್ತವೆ: ಗೂಗಲ್‌ನ ವೈಡ್‌ವೈನ್, ಸಿಸ್ಕೋ ಕಂಪನಿಯ ಓಪನ್‌ಎಚ್264. ಎರಡನೆಯದು ವಿಡಿಯೋ ಕರೆಗಳಿಗೆ ಬೇಕಾಗುತ್ತದೆ, ಫೈರ್‌ಫಾಕ್ಸ್ ತಾನೇ ತಂದುಕೊಳ್ಳುತ್ತದೆ. ಇಷ್ಟು ವರ್ಷ ಪ್ಲಗಿನ್ ಅಂತ ಇದ್ದ ದೊಡ್ಡ ಪಟ್ಟಿಯಲ್ಲಿ ಈಗ ಉಳಿದಿರುವುದು ಇವೆರಡೇ.

ಎರಡು ಮಾತು ಮೊದಲೇ ತಿಳಿದಿರಲಿ. ಕೆಲವು ಸೈಟ್‌ಗಳು ಲಿನಕ್ಸ್‌ಗೆ ಕಡಿಮೆ ಗುಣಮಟ್ಟದ ಚಿತ್ರವನ್ನೇ ಕಳಿಸುತ್ತವೆ. ಅದು ನಿಮ್ಮ ಸೆಟ್ಟಿಂಗ್ ತಪ್ಪಲ್ಲ, ಸುಮ್ನೆ ಗಂಟೆಗಟ್ಟಲೆ ತಡಕಾಡಬೇಡಿ. ಇನ್ನು, ಕ್ರೋಮಿಯಂ ಎಂಬ ಬ್ರೌಸರ್‌ನಲ್ಲಿ ವೈಡ್‌ವೈನ್ ಸಾಮಾನ್ಯವಾಗಿ ಇರುವುದಿಲ್ಲ. ಗೂಗಲ್ ಕ್ರೋಮ್‌ನಲ್ಲಿ ಇರುತ್ತದೆ. ಎರಡೂ ನೋಡಲು ಒಂದೇ ಥರ ಇರುವುದರಿಂದ ಹೊಸಬರು ಗೊಂದಲಕ್ಕೆ ಬೀಳುತ್ತಾರೆ.

ಕೋಡೆಕ್, ಮತ್ತು ಟರ್ಮಿನಲ್‌ನ ಮೊದಲ ಪರಿಚಯ

ಡಿಆರ್‌ಎಂ ಇಲ್ಲದ ಮಾಮೂಲಿ ವಿಡಿಯೋ, ಎಂಪಿ3 ಹಾಡು ಓಡದಿದ್ದರೆ ಅದು ಕೋಡೆಕ್, ಅಂದರೆ ವಿಡಿಯೋ, ಹಾಡಿನ ಫೈಲ್ ಬಿಚ್ಚಿ ಓಡಿಸುವ ಭಾಗದ ವಿಚಾರ. ಪೇಟೆಂಟ್, ಲೈಸೆನ್ಸ್ ಕಾರಣಕ್ಕೆ ಲಿನಕ್ಸ್‌ಗಳು ಕೆಲವು ಕೋಡೆಕ್‌ಗಳನ್ನು ಪ್ರತ್ಯೇಕ ಇಟ್ಟಿರುತ್ತವೆ. ಉಬುಂಟು ಹಾಕುವಾಗಲೇ ಹೆಚ್ಚಿನ ಮೀಡಿಯಾ ಬೆಂಬಲ ಬೇಕೇ ಅಂತ ಒಂದು ಚೌಕ ಬರುತ್ತದೆ. ಆಗ ಟಿಕ್ ಹಾಕಿದ್ದರೆ ಈ ಭಾಗ ನಿಮಗೆ ಬೇಡ. ಮಿಂಟ್‌ನಲ್ಲಿ ಇನ್ನೂ ಸುಲಭ, ಮೆನುವಿನ ಸೌಂಡ್ ಅಂಡ್ ವಿಡಿಯೋ ಭಾಗದಲ್ಲಿ "ಇನ್‌ಸ್ಟಾಲ್ ಮಲ್ಟಿಮೀಡಿಯಾ ಕೋಡೆಕ್ಸ್" ಅಂತಲೇ ಇರುತ್ತದೆ.

ಉಬುಂಟುನಲ್ಲಿ ಆಮೇಲೆ ಹಾಕಬೇಕಾದರೆ ಟರ್ಮಿನಲ್ ತೆರೆಯಬೇಕು. ಕಂಟ್ರೋಲ್, ಆಲ್ಟ್, ಟಿ ಒತ್ತಿ. ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಸುಡೊ (sudo), ಆಪ್ಟ್ (apt), ಇನ್‌ಸ್ಟಾಲ್ (install) ಈ ಮೂರು ಪದಗಳನ್ನು ಒಂದೊಂದು ಸ್ಪೇಸ್ ಬಿಟ್ಟು ಬರೆಯಿರಿ. ನಾಲ್ಕನೆಯದು ಪ್ಯಾಕೇಜಿನ ಹೆಸರು: ಉಬುಂಟು-ರಿಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್ (ubuntu-restricted-extras). ಇದರಲ್ಲಿ ಸ್ಪೇಸ್ ಇಲ್ಲ, ಎರಡು ಹೈಫನ್ ಇವೆ. ಎಂಟರ್ ಒತ್ತಿ.

ಇಲ್ಲಿ ಹೊಸಬರು ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು, ಪಾಸ್‌ವರ್ಡ್. ಟೈಪ್ ಮಾಡುವಾಗ ಪರದೆಯ ಮೇಲೆ ಅಕ್ಷರವೂ ಕಾಣುವುದಿಲ್ಲ, ಚುಕ್ಕಿಯೂ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. ಮಿಂಟ್‌ನಲ್ಲಾದರೆ ನಕ್ಷತ್ರಗಳು ಕಾಣುತ್ತವೆ. ಎರಡನೆಯದು, ಮಧ್ಯದಲ್ಲಿ ಬರುವ ಒಪ್ಪಂದದ ಪರದೆ. ಮೈಕ್ರೋಸಾಫ್ಟ್ ಫಾಂಟ್‌ಗಳ ಒಪ್ಪಂದ ಅದು. ಕೆಳಗೆ "ಓಕೆ" ಕಾಣುತ್ತದೆ, ಆದರೆ ಮೌಸ್‌ನಿಂದ ಒತ್ತಿದರೆ ಏನೂ ಆಗುವುದಿಲ್ಲ. ಟ್ಯಾಬ್ ಕೀಲಿ ಒತ್ತಿ, ಓಕೆ ಮೇಲೆ ಬಣ್ಣ ಬಂದಮೇಲೆ ಎಂಟರ್. ಮುಂದಿನ ಪರದೆಯಲ್ಲಿ "ಯೆಸ್" ಆರಿಸಿ ಮತ್ತೆ ಎಂಟರ್. ಇದು ಗೊತ್ತಿಲ್ಲದೆ ಕಿಟಕಿಯನ್ನೇ ಮುಚ್ಚಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

"ಲಾಕ್ ಸಿಗಲಿಲ್ಲ" ಎಂಬ ಅರ್ಥದ ಸಂದೇಶ ಬಂದರೆ, ಹಿಂದೆ ತಾನಾಗಿಯೇ ಅಪ್‌ಡೇಟ್ ನಡೆಯುತ್ತಿದೆ ಅಂತ ಅರ್ಥ. ಒಂದು ಲೋಟ ಕಾಫಿ ಕುಡಿದು ಬನ್ನಿ, ಆಮೇಲೆ ಮತ್ತೆ ಪ್ರಯತ್ನಿಸಿ. ಲಾಕ್ ಫೈಲ್ ಅಳಿಸಿ ಅನ್ನುವ ಸಲಹೆ ಎಲ್ಲಾದರೂ ಕಂಡರೆ ಕೇಳಬೇಡಿ, ಇನ್‌ಸ್ಟಾಲ್ ನಡುವೆ ಅದನ್ನು ಅಳಿಸಿದರೆ ಸಿಸ್ಟಮ್ ಕೆಡಬಹುದು. "ಪ್ಯಾಕೇಜ್ ಸಿಗಲಿಲ್ಲ" ಅಂದರೆ ಮೊದಲು ಕಾಗುಣಿತ ನೋಡಿ. ಸರಿ ಇದ್ದರೆ ಸುಡೊ ಆಪ್ಟ್ ಅಪ್‌ಡೇಟ್ (sudo apt update) ಕೊಟ್ಟು ಪಟ್ಟಿ ಹೊಸದು ಮಾಡಿಕೊಳ್ಳಿ. ಅದಕ್ಕೂ ಆಗದಿದ್ದರೆ "ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್" ತೆರೆದು ಮಲ್ಟಿವರ್ಸ್ ಎಂಬ ರೆಪಾಸಿಟರಿಗೆ ಟಿಕ್ ಇದೆಯಾ ನೋಡಿ.

ಸುಡೊ ಅಂದರೆ ಇಡೀ ಕಂಪ್ಯೂಟರ್ ಮೇಲಿನ ಅಧಿಕಾರವನ್ನು ಆ ಒಂದು ಸಾಲಿಗೆ ಕೊಡುವುದು. ಯಾವುದೋ ವೆಬ್ ಪುಟ "ಈ ಸಾಲು ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿ, ನೀವು ಮನುಷ್ಯರು ಅಂತ ಖಚಿತವಾಗುತ್ತದೆ" ಅಂದರೆ ದಯವಿಟ್ಟು ಹಾಕಬೇಡಿ. ನಿಜವಾದ ಯಾವ ಸೈಟೂ ಹಾಗೆ ಕೇಳುವುದಿಲ್ಲ. ಅರ್ಥವಾಗದ ಸಾಲನ್ನು ಗೊತ್ತಿರುವವರಿಗೆ ತೋರಿಸಿ, ಆಮೇಲೆ ಎಂಟರ್ ಒತ್ತಿ.

ಶಾಲೆಯ ಹಳೇ ಫ್ಲ್ಯಾಶ್ ಪಾಠಗಳು

ಮೇಷ್ಟ್ರುಗಳ ಹತ್ತಿರ ಹಳೇ ಸಿಡಿಗಳಲ್ಲಿ ಫ್ಲ್ಯಾಶ್‌ನಲ್ಲಿ ಮಾಡಿದ ವಿಜ್ಞಾನ, ಗಣಿತ ಪಾಠಗಳು ಇರಬಹುದು. ಅವನ್ನು ಎಸೆಯಬೇಡಿ. ರಫಲ್ ಎಂಬ ಓಪನ್ ಸೋರ್ಸ್ ಪ್ರೋಗ್ರಾಂ ಇದೆ. ಅದು ಅಡೋಬಿಯ ಹಳೇ ಪ್ಲೇಯರ್ ಇಲ್ಲದೆಯೇ ಫ್ಲ್ಯಾಶ್ ಫೈಲ್‌ಗಳನ್ನು ಓಡಿಸುತ್ತದೆ. ಇಂಟರ್ನೆಟ್ ಆರ್ಕೈವ್ ತನ್ನ ಫ್ಲ್ಯಾಶ್ ಸಂಗ್ರಹವನ್ನು 2020ರ ನವೆಂಬರ್‌ನಿಂದ ಇದರ ಮೂಲಕವೇ ತೋರಿಸುತ್ತಿದೆ. ವೆಬ್‌ಸೈಟ್‌ಗಳಲ್ಲಿರುವ ಫ್ಲ್ಯಾಶ್‌ಗೆ ರಫಲ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ವಿಧಾನ ಮೇಲೆ ಹೇಳಿದ್ದೇ. ಸಿಡಿಯಲ್ಲಿರುವ ಫೈಲ್‌ಗಳಿಗೆ ರಫಲ್‌ನ ಡೆಸ್ಕ್‌ಟಾಪ್ ಪ್ರೋಗ್ರಾಂ ಅನುಕೂಲ, ಅದರ ಲಿನಕ್ಸ್ ಆವೃತ್ತಿ ರಫಲ್‌ನ ಅಧಿಕೃತ ಸೈಟ್‌ನಲ್ಲೇ ಸಿಗುತ್ತದೆ. ತುಂಬಾ ಹಳೇ ಫೈಲ್‌ಗಳು ಚೆನ್ನಾಗಿ ಓಡುತ್ತವೆ. ಫ್ಲ್ಯಾಶ್‌ನ ಕೊನೆಯ ವರ್ಷಗಳಲ್ಲಿ ಮಾಡಿದ ಜಟಿಲ ಫೈಲ್‌ಗಳಲ್ಲಿ ಕೆಲವು ಅಲ್ಲಲ್ಲಿ ನಿಲ್ಲಬಹುದು.

ಜಾವಾ ಆಪ್ಲೆಟ್ ಅಥವಾ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕು ಅನ್ನುವ ಸೈಟ್ ಎದುರಾದರೆ ಲಿನಕ್ಸ್‌ನಲ್ಲಿ ಅದಕ್ಕೆ ಪ್ಲಗಿನ್ ಹುಡುಕಬೇಡಿ. ಆ ಸೈಟ್‌ನವರಿಗೇ ಬರೆದು ಬೇರೆ ದಾರಿ ಕೇಳುವುದೇ ಸರಿ.

ಏನೋ ಕೆಟ್ಟಿತು ಅನ್ನಿಸಿದಾಗ

ಉಬುಂಟುನ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ರೂಪದಲ್ಲಿ ಬರುತ್ತದೆ. "ಫೈರ್‌ಫಾಕ್ಸ್ ಅಪ್‌ಡೇಟ್ ಕಾಯುತ್ತಿದೆ, ಮುಚ್ಚಿ" ಎಂಬ ಸೂಚನೆ ಆಗಾಗ ಕಾಣಿಸುತ್ತದೆ. ಅದು ವೈರಸ್ ಅಲ್ಲ. ಫೈರ್‌ಫಾಕ್ಸ್‌ನ ಎಲ್ಲ ಕಿಟಕಿ ಮುಚ್ಚಿ, ಸ್ವಲ್ಪ ಬಿಟ್ಟು ತೆರೆಯಿರಿ. ಸ್ನ್ಯಾಪ್ ಬೇಲಿಯೊಳಗೆ ಓಡುವುದರಿಂದ ಹೊರಗಿನ ಪ್ರೋಗ್ರಾಂ ಜೊತೆ ಮಾತಾಡಬೇಕಾದ ಕೆಲವು ಎಕ್ಸ್‌ಟೆನ್ಷನ್‌ಗಳು, ಉದಾಹರಣೆಗೆ ಕಂಪ್ಯೂಟರ್‌ನಲ್ಲೇ ಇರುವ ಪಾಸ್‌ವರ್ಡ್ ಪ್ರೋಗ್ರಾಂಗೆ ಜೋಡಿಸುವಂಥವು, ತೊಂದರೆ ಕೊಡಬಹುದು. ಮಿಂಟ್‌ನ ಫೈರ್‌ಫಾಕ್ಸ್ ಸ್ನ್ಯಾಪ್ ಅಲ್ಲ, ಹಾಗಾಗಿ ಅಲ್ಲಿ ಈ ಕಾಟ ಇಲ್ಲ.

ಯಾವುದೋ ಸೈಟ್ ಇದ್ದಕ್ಕಿದ್ದಂತೆ ಸರಿಯಾಗಿ ತೆರೆಯುತ್ತಿಲ್ಲವೇ? ಮೆನುವಿನಲ್ಲಿ ಹೆಲ್ಪ್, ಅದರೊಳಗೆ "ಟ್ರಬಲ್‌ಶೂಟ್ ಮೋಡ್" ಆರಿಸಿ. ಎಲ್ಲ ಎಕ್ಸ್‌ಟೆನ್ಷನ್ ನಿಂತು ಫೈರ್‌ಫಾಕ್ಸ್ ಮತ್ತೆ ಶುರುವಾಗುತ್ತದೆ. ಈಗ ಸೈಟ್ ಸರಿ ಇದ್ದರೆ ತಪ್ಪು ಯಾವುದೋ ಎಕ್ಸ್‌ಟೆನ್ಷನ್‌ನದು. ಮಾಮೂಲಿ ರೀತಿಗೆ ವಾಪಸ್ ಬಂದು ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ, ಸಿಕ್ಕಿಬಿಡುತ್ತದೆ. ಜಾಹೀರಾತು ತಡೆಯೇ ಕಾರಣವಾಗಿದ್ದರೆ ಯುಬ್ಲಾಕ್ ಗುರುತು ಒತ್ತಿ, ದೊಡ್ಡ ಪವರ್ ಬಟನ್‌ನಿಂದ ಆ ಒಂದು ಸೈಟ್‌ಗೆ ಮಾತ್ರ ನಿಲ್ಲಿಸಬಹುದು.

ಆದರೂ ಬಗೆಹರಿಯದಿದ್ದರೆ ಗೊತ್ತಿರುವವರನ್ನು ಕೇಳಿ. "ಓಡ್ತಾ ಇಲ್ಲ" ಅಂತಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೆಲ್ಪ್ ಮೆನುವಿನಲ್ಲೇ "ಮೋರ್ ಟ್ರಬಲ್‌ಶೂಟಿಂಗ್ ಇನ್‌ಫರ್ಮೇಷನ್" ತೆರೆಯಿರಿ. ಫೈರ್‌ಫಾಕ್ಸ್ ಆವೃತ್ತಿ, ಸಿಸ್ಟಮ್ ವಿವರ, ಹಾಕಿರುವ ಎಕ್ಸ್‌ಟೆನ್ಷನ್‌ಗಳ ಪಟ್ಟಿ ಎಲ್ಲ ಅಲ್ಲೇ ಇದೆ. ಅದನ್ನು ಕಾಪಿ ಮಾಡಿ, ಪರದೆಯ ಮೇಲೆ ಬಂದ ಸಂದೇಶವನ್ನು ಇದ್ದ ಹಾಗೇ ಸೇರಿಸಿ, ಅದಕ್ಕೆ ಮೊದಲು ನೀವು ಏನು ಮಾಡಿದ್ದಿರಿ ಅಂತ ಎರಡು ಸಾಲು ಬರೆದು ಕಳಿಸಿ.